ಹನ್ನೊಂದು ಊರಿನ ಹಿಮದಾರಿ

ವೊರ್ಕುಮ್, 30 ಡಿಸೆಂಬರ್ 1984

ಗೊಸ್ಸೆ,

ನಿನ್ನ ಹೂಳೆತ್ತುವ ಹಡಗಿನಲ್ಲಿ ಹಬ್ಬಕ್ಕೆ ಏನು ಮಾಡಿದಿರೋ ಗೊತ್ತಿಲ್ಲ. ನಾನು ನಿನ್ನ ತಂಗಿ ಹಿಸ್ಕೆಯ ಮನೆಯಲ್ಲಿ ಎರಡು ದಿನ ಇದ್ದು ಬಟಾಣಿ ಸಾರು, ಹಂದಿ ಮಾಂಸ, ಸಕ್ಕರೆ ಬ್ರೆಡ್ಡು ಎಲ್ಲ ಹೊಟ್ಟೆ ಬಿರಿಯುವ ಹಾಗೆ ತಿಂದು ಬಂದೆ. ನಾಳೆ ವರ್ಷದ ಕೊನೆ. ಒಣದ್ರಾಕ್ಷಿ ಹಾಕಿದ ಉಂಡೆ ಕರಿಯಬೇಕು. ಒಬ್ಬಳಿಗೆ ಎಷ್ಟು ಕರಿಯಲಿ ಅಂತ ಯೋಚಿಸುತ್ತಾ ಕೂತವಳು ನಿನಗೆ ಬರೆಯೋಣ ಅಂದುಕೊಂಡೆ.

ಹೊಸ ವರ್ಷಕ್ಕೆ ನನ್ನ ಸಂಕಲ್ಪ ಒಂದೇ. ನಿನಗೆ ಗೊತ್ತಿರುವುದೇ. ಕಾಲುವೆಗಳು ಮಂಜುಗಡ್ಡೆ ಕಟ್ಟಿದರೆ ಸ್ಕೇಟಿನ ಮೇಲೆ ಹನ್ನೊಂದೂರ ಸುತ್ತು ಮುಗಿಸುವುದು. ಇನ್ನೂರು ಕಿಲೋಮೀಟರು, ಹನ್ನೊಂದು ಊರಿನ ಹನ್ನೊಂದು ಮುದ್ರೆ, ನಡುರಾತ್ರಿಯೊಳಗೆ ಲೇವಾರ್ಡನ್‌ಗೆ ವಾಪಸ್ಸು, ಎದೆಗೆ ಮುಗಿಸಿದವರಿಗೆ ಕೊಡುವ ಆ ಪುಟ್ಟ ಶಿಲುಬೆ. ನಗಬೇಡ. ಅರವತ್ತಮೂರರಿಂದ ಇಪ್ಪತ್ತೆರಡು ಚಳಿಗಾಲ ಗಡ್ಡೆ ಸಾಕಷ್ಟು ದಪ್ಪ ಕಟ್ಟಿಲ್ಲ, ಈ ಸಲವೂ ಹೊರಗೆ ಮಳೆ ಹನಿಯುತ್ತಿದೆ, ನಿಜ. ಬಾರದ ನೆಂಟನಿಗೆ ತಟ್ಟೆ ಇಟ್ಟು ಕಾಯುವ ಹುಚ್ಚಿ ಅಂತ ಬೀದಿಯವರೂ ಅನ್ನುತ್ತಾರೆ. ಆದರೆ ನೆಂಟ ಬಂದ ದಿನ ಅಡಿಗೆ ಆಗಿರಬೇಕಲ್ಲ?

ಏಪ್ರಿಲಿನಿಂದ ನಾಲ್ಕು ಸಾವಿರ ಕಿಲೋಮೀಟರು ಸೈಕಲ್ ತುಳಿದಿದ್ದೇನೆ, ಎದುರು ಗಾಳಿ ಇದ್ದ ದಿನವೇ ಹುಡುಕಿಕೊಂಡು. ಕೊಟ್ಟಿಗೆಯಲ್ಲಿ ಹಲಗೆಗೆ ಮೇಣ ಹಚ್ಚಿ, ಉಣ್ಣೆಯ ಕಾಲುಚೀಲ ಹಾಕಿ ಆ ಕಡೆಯಿಂದ ಈ ಕಡೆಗೆ ಜಾರುತ್ತೇನೆ, ಒಂದೊಂದು ಸಂಜೆ ಸಾವಿರ ಸಲ. ಆಲೂಗಡ್ಡೆ ಸುಲಿಯುವುದು ಅರೆ ಕುಕ್ಕರಗಾಲಿನಲ್ಲಿ. ವಾರಕ್ಕೆ ಎರಡು ದಿನ ಹಿಸ್ಕೆಯ ಜೊತೆ ಬಸ್ಸು ಹಿಡಿದು ಹೀರೆನ್‌ವೇನ್‌ನ ಕೃತಕ ಗಡ್ಡೆಯ ಮೇಲೆ ನೂರು ಸುತ್ತು. ಅವಳೂ ಸೇರಿದ್ದಾಳೆ ಈ ವರ್ಷ. ಮೂವತ್ತೊಂದು ವಯಸ್ಸು, ಎರಡು ಮಕ್ಕಳು, ಚೀಸ್ ಕಾರ್ಖಾನೆಯಲ್ಲಿ ಎಂಟು ಗಂಟೆ ನಿಂತು ಬಂದು ಆಮೇಲೆ ನನ್ನ ಹಿಂದೆ ಜಾರುತ್ತಾಳೆ, ಬಾಯಿ ಮಾತ್ರ ನನಗಿಂತ ಮುಂದೆ. ಮೊನ್ನೆ ಎಲ್ಲರೆದುರು, "ಅತ್ತಿಗೆ, ನಿನ್ನ ಹಿಂದೆ ಗಾಳಿನೇ ಬರಲ್ಲ ಕಣೇ, ಅಷ್ಟು ಅಗಲ ಆಗಿದ್ದೀಯ, ಹೀಗೇ ಇರು" ಅಂದಳು.

ಒಂದು ಮಾತು. ಅರವತ್ತಮೂರರಲ್ಲಿ ಅವತ್ತು ಫ್ರಾನೆಕರ್‌ನಲ್ಲಿ ಆ ಅಧಿಕಾರಿ ಬಂದು "ದಾರಿ ಮುಚ್ಚಿದೆ ಅಮ್ಮಾ" ಅಂದನಲ್ಲ, ಅವನ ಮುಖ ನನಗೆ ನೆನಪಿಲ್ಲ. ದನಿ ಮಾತ್ರ ಇದೆ. ನೀನು ಅಲ್ಲೇ ಮುದ್ರೆ ಹಾಕುತ್ತಿದ್ದವನು, ಆಮೇಲೆ ಬಂದು ಕಂಬಳಿ ಹೊದಿಸಿದೆ. ಅವನು ಯಾರು ಅಂತ ನಿನಗೆ ಗೊತ್ತಿತ್ತಾ? ಎಂದೂ ಕೇಳಿಲ್ಲ, ಈಗ ಯಾಕೋ ಕೇಳಬೇಕು ಅನ್ನಿಸಿತು.

ನಿನ್ನ ರೆನ್ಸ್ಕೆ


ಬಾನಿ ನದೀಮುಖ, ನೈಜೀರಿಯ, 11 ಜನವರಿ 1985

ರೆನ್ಸ್ಕೆ,

ಪತ್ರ ನಿನ್ನೆ ಬಂತು, ಬೆವರಿನಲ್ಲಿ ಒದ್ದೆಯಾದ ಚೀಲದಲ್ಲಿ. ಎಂಜಿನ್ ಕೋಣೆಯಲ್ಲಿ ನಲವತ್ತೈದು ಡಿಗ್ರಿ. ಅಲ್ಲಿ ಕೂತು ಗಡ್ಡೆಯ ಮಾತು ಓದಿದೆ. ನಮ್ಮ ಅಡಿಗೆಯವನು ಡಗೋಗೊ, ಇದೇ ಊರಿನವನು, ಗಟ್ಟಿ ಮನುಷ್ಯ, "ಮನೆಯಿಂದ ಏನು ಸುದ್ದಿ ಚೀಫ್?" ಅಂದ. ನನ್ನ ಹೆಂಡತಿ ನೀರಿನ ಮೇಲೆ ಇನ್ನೂರು ಕಿಲೋಮೀಟರು ಹೋಗಬೇಕು ಅಂತಿದ್ದಾಳೆ ಅಂದೆ. ಅವನು ಮೀನು ಹೆಚ್ಚುವುದು ನಿಲ್ಲಿಸಿದ. "ಅಡಿಯಲ್ಲಿ ನೀರು ಹರೀತಾನೇ ಇರುತ್ತಾ?" ಇರುತ್ತೆ ಅಂದೆ. "ಗಟ್ಟಿ ಇದೆ ಅಂತ ಯಾರು ಹೇಳೋದು?" ಪ್ರತಿ ಹಳ್ಳಿಯಲ್ಲೂ ಒಬ್ಬ ಇದ್ದಾನೆ, ತೂತು ಕೊರೆದು ಅಳೆಯುತ್ತಾನೆ ಅಂದೆ. "ಅವನು ಒಳ್ಳೆಯವನಾಗಿರಬೇಕು" ಅಂದ, ಮತ್ತೆ ಮೀನು ಹೆಚ್ಚತೊಡಗಿದ.

ನೋಡು, ನಿನಗೆ ನಲವತ್ತಾರು. ಹೋದ ವರ್ಷ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಇಳಿದದ್ದನ್ನು ನಾನೇ ನೋಡಿದ್ದೇನೆ. ಅಭ್ಯಾಸ ಮಾಡು, ಬೇಡ ಅನ್ನುವುದಿಲ್ಲ. ಗಡ್ಡೆ ಕಟ್ಟಿದರೆ ಅರ್ಧ ದಾರಿ ಹೋಗಿ ಬಾ. ಪೂರ್ತಿಯೇ ಆಗಬೇಕು ಅನ್ನುವ ಹಟ ಯಾಕೆ? ಯಾರಿಗೆ ಏನು ತೋರಿಸಬೇಕು?

ಆ ಅಧಿಕಾರಿಯ ವಿಷಯ. ತುಂಬಾ ವರ್ಷವಾಯಿತು. ಅವತ್ತು ಎಲ್ಲರ ಮುಖಕ್ಕೂ ಮಫ್ಲರು ಸುತ್ತಿತ್ತು.

ನಿನ್ನ ಗೊಸ್ಸೆ


ವೊರ್ಕುಮ್, 19 ಜನವರಿ 1985

ಗೊಸ್ಸೆ, ಗೊಸ್ಸೆ,

ನಿನ್ನ ಪತ್ರ ಇನ್ನೂ ಬಂದಿಲ್ಲ, ಕಾಯಲು ನನ್ನಿಂದ ಆಗುವುದಿಲ್ಲ. ಗಡ್ಡೆ ಬಂತು!

ಹೊಸ ವರ್ಷದ ಮೊದಲ ವಾರವೇ ಗಾಳಿ ಪೂರ್ವಕ್ಕೆ ತಿರುಗಿತು. ಎರಡು ದಿನ ಕಾಲುವೆ ಹೊಗೆಯಾಡಿತು. ಮೂರನೆಯ ಬೆಳಿಗ್ಗೆ ಸೇತುವೆಯ ಕೋಣೆಯ ಕಿಟಕಿ ತೆಗೆದರೆ ಸದ್ದೇ ಇಲ್ಲ. ಬಾತುಕೋಳಿಗಳೂ ಇಲ್ಲ. ನಾನು ಇಪ್ಪತ್ತು ವರ್ಷದಿಂದ ಈ ಸೇತುವೆ ಎತ್ತಿ ಇಳಿಸುವವಳು, ನೀರು ಇಷ್ಟು ಸುಮ್ಮನಿದ್ದದ್ದನ್ನು ಕಂಡಿರಲಿಲ್ಲ.

ಇದು ಕರಿ ಗಡ್ಡೆ ಗೊಸ್ಸೆ. ಹಿಮ ಬೀಳುವ ಮೊದಲೇ ಕಟ್ಟಿದ್ದು, ಗಾಜಿನ ಹಾಗೆ. ನಿನ್ನೆ ಹಿಸ್ಕೆ ಮತ್ತು ನಾನು ಸ್ಲೋಟನ್‌ವರೆಗೂ ಹೋಗಿ ಬಂದೆವು, ಹೋಗಿ ಬರಲು ತೊಂಬತ್ತು ಕಿಲೋಮೀಟರು. ಕಾಲ ಕೆಳಗೆ ಹುಲ್ಲು ತೂಗುವುದು ಕಾಣುತ್ತದೆ. ಒಂದು ಕಡೆ ಉದ್ದನೆಯ ಮೀನು, ನನ್ನ ತೋಳಿನಷ್ಟು, ಗಡ್ಡೆಗೆ ಬೆನ್ನು ತಾಗಿಸಿಕೊಂಡು ನಿಂತಿತ್ತು. ನನ್ನ ನೆರಳು ಬಿದ್ದಾಗ ಕಣ್ಣು ಮಾತ್ರ ಹೊರಳಿಸಿತು. ನಮ್ಮಿಬ್ಬರ ನಡುವೆ ಒಂದು ಗೇಣೂ ಇಲ್ಲ, ಆದರೂ ಅದು ಬೇರೆ ಲೋಕ, ನಾನು ಬೇರೆ ಲೋಕ. ಹಿಸ್ಕೆ ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿದಳು. ಅವಳ ಬಾಯಿ ತಾನಾಗಿ ಮುಚ್ಚಿದ್ದು ಅಂದರೆ ಯೋಚಿಸು.

ಸಂಜೆ ಚಳಿ ಏರುವಾಗ ಗಡ್ಡೆ ಹಾಡಿತು. ಕೇಳಿದ್ದೀಯಲ್ಲ ನೀನೂ? ಸರೋವರದ ಆ ತುದಿಯಿಂದ ಒಂದು ದನಿ ಹೊರಟು, ಕಾಲ ಕೆಳಗೆ ಹಾದು, ಬೆನ್ನ ಹಿಂದೆ ಎಲ್ಲೋ ಮುಗಿಯುತ್ತದೆ. ಕಂಬದಿಂದ ಕಂಬಕ್ಕೆ ಕಟ್ಟಿದ ತಂತಿಯನ್ನು ಯಾರೋ ಮೀಟಿದ ಹಾಗೆ. ನನಗೆ ಕಣ್ಣಲ್ಲಿ ನೀರು ಬಂತು. ಗಾಳಿಗೆ ಅಂತ ಹಿಸ್ಕೆಗೆ ಹೇಳಿದೆ.

ಈಗ ಎಲ್ಲರ ಬಾಯಲ್ಲೂ ಅದೇ. ಸುತ್ತು ನಡೆಸಲು ಹದಿನೈದು ಸೆಂಟಿಮೀಟರು ಬೇಕು, ಎಲ್ಲ ಕಡೆ. ನಮ್ಮಲ್ಲಿ ಹನ್ನೊಂದು. ರೊಟ್ಟಿ ಅಂಗಡಿಯಲ್ಲಿ ರೊಟ್ಟಿ ಬೆಲೆ ಕೇಳುವವರಿಲ್ಲ, "ಇವತ್ತು ಎಷ್ಟು?" ಅಂತಾರೆ, ಅಂಗಡಿಯವನು ಗಡ್ಡೆಯ ದಪ್ಪ ಹೇಳುತ್ತಾನೆ.

ನಿನಗೆ ಮಾತ್ರ ಹೇಳುತ್ತೇನೆ, ನನಗೆ ಭಯವಿಲ್ಲ. ಅರವತ್ತಮೂರರಲ್ಲಿ ನಾನು ಸೋಲಲಿಲ್ಲ, ದಾರಿ ಮುಚ್ಚಿತು. ಇಪ್ಪತ್ತೆರಡು ವರ್ಷ ಏನೇ ಕಷ್ಟ ಬಂದರೂ ನಾನು ಇದನ್ನೇ ನೆನೆದುಕೊಂಡೆ. ಅಮ್ಮ ತೀರಿಕೊಂಡಾಗ, ನಮ್ಮ ಮಗು ಹೊಟ್ಟೆಯಲ್ಲಿ ನಿಲ್ಲದೆ ಹೋದಾಗ, ನೀನು ವರ್ಷಕ್ಕೆ ಎಂಟು ತಿಂಗಳು ಹಡಗಿಗೆ ಹೋಗತೊಡಗಿದಾಗ. ನಾನು ನಿಲ್ಲುವವಳಲ್ಲ, ನಿಲ್ಲಿಸಿದರೆ ಮಾತ್ರ ನಿಂತೇನು ಅಂತ.

ರೆನ್ಸ್ಕೆ


ವೊರ್ಕುಮ್, 24 ಜನವರಿ 1985

ಗೊಸ್ಸೆ,

ನಿನ್ನ ಪತ್ರವೂ ಮಳೆಯೂ ಒಂದೇ ದಿನ ಬಂದವು. ಗಡ್ಡೆ ಹೋಯಿತು. ಮೊನ್ನೆ ನಾನು ಜಾರಿದ ಕಡೆ ಇವತ್ತು ಬಾತುಕೋಳಿ ಈಜುತ್ತಿದೆ.

ಮೊಣಕಾಲಿನ ಬಗ್ಗೆ ಕಾಳಜಿಗೆ ಉಪಕಾರ. ಯಾರಿಗೆ ಏನು ತೋರಿಸಬೇಕು ಅಂತ ಕೇಳಿದ್ದೀಯ. ಯಾರಿಗೂ ಇಲ್ಲ. ನೀನೂ ಬೀದಿಯವರ ಹಾಗೇ ಅಂದುಕೊಂಡಿದ್ದೀಯ ಅಂತ ಗೊತ್ತಿರಲಿಲ್ಲ, ಗೊತ್ತಾಯಿತು. ಅರ್ಧ ದಾರಿ ಹೋಗಿ ಬರುವುದನ್ನು ಯಾರಾದರೂ ಹೇಳಿಕೊಡಬೇಕೆ? ಅದು ಆಗಲೇ ಆಗಿದೆ ನನಗೆ.

ಇವತ್ತು ಹಲಗೆಯ ಮೇಲೆ ಸಾವಿರದ ಇನ್ನೂರು.

ರೆ.


ಬಾನಿ ನದೀಮುಖ, 4 ಫೆಬ್ರವರಿ 1985

ರೆನ್ಸ್ಕೆ,

ನಿನ್ನ ಎರಡು ಪತ್ರಗಳೂ ಒಟ್ಟಿಗೆ ಬಂದವು. ಗಡ್ಡೆಯದನ್ನು ಮೊದಲು ಓದಿದೆ. ಆಮೇಲೆ ಮೂರು ರಾತ್ರಿ ನಿದ್ದೆ ಬರಲಿಲ್ಲ. ಇದನ್ನು ಬರೆಯದೇ ಇದ್ದರೆ ಇನ್ನು ಬರುವುದೂ ಇಲ್ಲ.

ನನಗೆ ನಿನ್ನ ಮೊಣಕಾಲಿನ ಚಿಂತೆ ಇರಲಿಲ್ಲ. ಗಡ್ಡೆ ಕಟ್ಟುತ್ತದೆ ಅನ್ನುವ ಭಯ ಇತ್ತು. ನೀನು ಮತ್ತೆ ಫ್ರಾನೆಕರ್‌ಗೆ ಹೋಗಿ ನಿಂತು, ಯಾರಾದರೂ ಹಳಬರ ಹತ್ತಿರ "ಅವತ್ತು ಎಷ್ಟು ಹೊತ್ತಿಗೆ ಮುಚ್ಚಿದಿರಿ?" ಅಂತ ಕೇಳಿದರೆ ಅನ್ನುವ ಭಯ.

ಅವತ್ತು ಅಧಿಕಾರಿ ಯಾರೂ ಬರಲಿಲ್ಲ ರೆನ್ಸ್ಕೆ. "ದಾರಿ ಮುಚ್ಚಿದೆ ಅಮ್ಮಾ" ಅಂದವನು ನಾನು.

ನಡೆದದ್ದು ಹೇಳುತ್ತೇನೆ. ಸಂಜೆಯ ಬೆಳಕು ಹೋಗುತ್ತಿತ್ತು. ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ, ಹಿಮದ ಗಾಳಿ. ಮಧ್ಯಾಹ್ನದಿಂದ ಚಳಿಗೆ ಬಿದ್ದ ಜನರನ್ನು ಗಾಡಿಗೆ ಹತ್ತಿಸಿ ಹತ್ತಿಸಿ ನನ್ನ ಕೈ ಮರಗಟ್ಟಿತ್ತು. ನೀನು ಬರುತ್ತೀಯೋ ಇಲ್ಲವೋ ಅಂತ ಕಾಲುವೆಯ ತಿರುವನ್ನೇ ನೋಡುತ್ತಿದ್ದೆ. ಬಂದೆ. ನೀನು ಜಾರುತ್ತಿರಲಿಲ್ಲ, ನಡೆಯುತ್ತಿದ್ದೆ, ಸ್ಕೇಟಿನ ಮೇಲೆ, ಎರಡೂ ಕೈ ಮುಂದೆ ಚಾಚಿಕೊಂಡು. ನನ್ನೆದುರೇ ಬಂದು ನಿಂತೆ. ನಮ್ಮ ನಿಶ್ಚಿತಾರ್ಥವಾಗಿ ಎರಡು ತಿಂಗಳಾಗಿತ್ತು. ನಿನ್ನ ಎಡಗಣ್ಣು ತೆರೆದೇ ಇತ್ತು, ಆದರೆ ನೋಡುತ್ತಿರಲಿಲ್ಲ. ರೆಪ್ಪೆಯ ಮೇಲೆ ಗಡ್ಡೆ. ನೀನು ಮುದ್ರೆಯ ಚೀಟಿ ನನ್ನ ಕೈಗೆ ಕೊಟ್ಟು ಹೇಳಿದೆ: "ಇಲ್ಲಿ ಗೊಸ್ಸೆ ಅಂತ ಒಬ್ಬ ಮುದ್ರೆ ಹಾಕ್ತಾನಂತೆ. ಸಿಕ್ಕರೆ ಹೇಳಿ, ರೆನ್ಸ್ಕೆ ಚೆನ್ನಾಗಿದ್ದಾಳೆ, ಮುಂದೆ ಹೋದಳು ಅಂತ."

ನನಗೇ ಹೇಳಿದೆ. ನನ್ನ ಮುಖ ನೋಡಿ.

ಇನ್ನೂ ಎಪ್ಪತ್ತು ಕಿಲೋಮೀಟರು ಇತ್ತು. "ನಾನು ಗೊಸ್ಸೆ, ನಿಲ್ಲು" ಅಂದರೆ ನೀನು ನಿಲ್ಲುವವಳಲ್ಲ. ಅದಕ್ಕೆ ದನಿ ದಪ್ಪ ಮಾಡಿದೆ, ಅಪ್ಪಣೆ ಕೊಡುವವರ ಹಾಗೆ. ನೀನು ಜಗಳವಾಡಲಿಲ್ಲ. "ಹಾಗಾದ್ರೆ ಸರಿ" ಅಂದು ಅಲ್ಲೇ ಕುಸಿದೆ. ಆಮೇಲೆ ನಿಜವಾಗಿ ಯಾವಾಗ ಮುಚ್ಚಿದರೋ, ಮುಚ್ಚಿದರೋ ಇಲ್ಲವೋ, ನಾನು ವಿಚಾರಿಸಲೇ ಇಲ್ಲ. ನಿನ್ನ ನಂತರ ನನ್ನ ಕಣ್ಣೆದುರೇ ಹನ್ನೊಂದು ಜನ ಮುಂದೆ ಹೋದರು. ಎಣಿಸಿದ್ದೇನೆ.

ಒಂಬತ್ತು ದಿನ ನಿನ್ನ ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಬಟ್ಟೆ ಬಿಚ್ಚಿದ ದಿನ ಹೇಳಬೇಕು ಅಂತಿದ್ದೆ. ಅಷ್ಟರಲ್ಲಿ ನೀನು ನರ್ಸಿಗೆ, ನಿಮ್ಮಮ್ಮನಿಗೆ, ನೋಡಲು ಬಂದ ಎಲ್ಲರಿಗೂ "ನಾನು ಬಿಡಲಿಲ್ಲ, ದಾರಿ ಮುಚ್ಚಿದರು" ಅನ್ನತೊಡಗಿದ್ದೆ. ಮುಖದಲ್ಲಿ ಎಂಥ ಬೆಳಕು! ಆ ಬೆಳಕು ಆರಿಸಲು ನನಗೆ ಧೈರ್ಯ ಸಾಲಲಿಲ್ಲ. ಒಂದು ವರ್ಷ ಹೋಯಿತು, ಇಪ್ಪತ್ತೆರಡಾಯಿತು.

ನಾನು ವರ್ಷಕ್ಕೆ ಎಂಟು ತಿಂಗಳು ಹಡಗಿನಲ್ಲಿರುವುದು ಸಂಬಳಕ್ಕೆ ಅಂತ ನೀನು ಅಂದುಕೊಂಡಿದ್ದೀಯ. ಪ್ರತಿ ಚಳಿಗಾಲ ನೀನು ಕಿಟಕಿಯಿಂದ ನೀರು ನೋಡುವುದನ್ನು ನೋಡಲಾರದೆ ಬಂದೆ.

ಗೊಸ್ಸೆ


ಬಾನಿ ನದೀಮುಖ, 21 ಫೆಬ್ರವರಿ 1985, ಗುರುವಾರ

ರೆನ್ಸ್ಕೆ,

ನಿನ್ನಿಂದ ಏನೂ ಬಂದಿಲ್ಲ. ಬರುವುದಿಲ್ಲವೇನೋ. ಆದರೂ ಬರೆಯುತ್ತಿದ್ದೇನೆ, ಸುಮ್ಮನೆ ಕೂತಿರಲು ಆಗುತ್ತಿಲ್ಲ.

ಚಳಿ ಮತ್ತೆ ಬಂದದ್ದು, ಗಡ್ಡೆ ಹದಿನೈದು ಮುಟ್ಟಿದ್ದು, ಇವತ್ತೇ ಹನ್ನೊಂದೂರ ಸುತ್ತು ಅನ್ನುವುದು, ಎಲ್ಲ ರೇಡಿಯೊದಲ್ಲಿ ಕೇಳಿದೆ. ಹಡಗಿನಲ್ಲಿ ನಮ್ಮ ಕಡೆಯವರು ಆರು ಜನ ಇದ್ದೇವೆ. ಬೆಳಗಿನ ಜಾವದಿಂದ ಅಡಿಗೆಮನೆಯಲ್ಲಿ ರೇಡಿಯೊ ಸುತ್ತ ಕೂತಿದ್ದೇವೆ. ಕ್ಯಾಪ್ಟನ್ ಪಂಪು ನಿಲ್ಲಿಸಲಿಲ್ಲ, ಆದರೆ ತಾನೂ ಬಂದು ಕೂತ.

ಹದಿನಾರು ಸಾವಿರ ಜನ ಹೊರಟರಂತೆ. ಅದರಲ್ಲಿ ನೀನು ಇದ್ದೀಯೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಪತ್ರ ನಿನಗೆ ಹದಿನಾರಕ್ಕೋ ಹದಿನೇಳಕ್ಕೋ ಸಿಕ್ಕಿರಬೇಕು. ಎಂಥ ವಾರ ನೋಡಿ ಕಳಿಸಿದೆನಪ್ಪಾ ಅಂತ ತಲೆ ಚಚ್ಚಿಕೊಂಡೆ.

ಮಧ್ಯಾಹ್ನ. ಗಡ್ಡೆ ಕರಗುತ್ತಿದೆ ಅಂತ ಹೇಳಿದರು. ಗಾಳಿ ಬೆಚ್ಚಗಾಗಿದೆ, ಕೆಲವು ಕಡೆ ಗಡ್ಡೆಯ ಮೇಲೆ ನೀರು. ಡಗೋಗೊ ಖಾರದ ಮೀನು ಸಾರು ತಂದಿಟ್ಟ, ಯಾರೂ ಮುಟ್ಟಲಿಲ್ಲ. "ಅಮ್ಮಾವ್ರು ಈಗ ಎಲ್ಲಿರಬಹುದು?" ಅಂದ. ಮೇಜಿನ ಮೇಲೆ ಹಿಟ್ಟು ಚೆಲ್ಲಿ ಬೆರಳಲ್ಲಿ ನಕ್ಷೆ ಬರೆದು ತೋರಿಸಿದೆ. ಏಳಕ್ಕೆ ಹೊರಟಿದ್ದರೆ ಸ್ಟಾವೊರೆನ್ ದಾಟಿ, ಹಿಂಡೆಲೋಪನ್ ದಾಟಿ, ನಮ್ಮೂರ ಸೇತುವೆಯ ಕೆಳಗೆ. ಹೊರಟಿಲ್ಲದಿದ್ದರೆ ಅದೇ ಸೇತುವೆಯ ಮೇಲೆ, ಕಿಟಕಿಯ ಹಿಂದೆ. ಎರಡೂ ಒಂದೇ ಜಾಗ.

ಡಗೋಗೊ ಆ ಹಿಟ್ಟಿನ ನಕ್ಷೆಯನ್ನು ಅಳಿಸಲು ಯಾರಿಗೂ ಬಿಟ್ಟಿಲ್ಲ. ಸಂಜೆಯ ರೊಟ್ಟಿ ಬೇರೆ ಮೇಜಿನಲ್ಲಿ ತಟ್ಟಿದ.

ಗೊ.


ವೊರ್ಕುಮ್, 25 ಫೆಬ್ರವರಿ 1985

ಗೊಸ್ಸೆ,

ಬೆರಳು ಇವತ್ತು ಪೆನ್ನು ಹಿಡಿಯುವಷ್ಟು ಮಡಚುತ್ತಿದೆ. ಅಕ್ಷರ ಸೊಟ್ಟಗಿದ್ದರೆ ಓದಿಕೋ.

ನಿನ್ನ ಪತ್ರ ಸುತ್ತಿಗೆ ಮೊದಲಿನ ಶನಿವಾರ ಸಿಕ್ಕಿತು. ಓದಿ ಎದ್ದು, ನಿನ್ನ ಭಾನುವಾರದ ಕೋಟನ್ನು ಗೂಟದಿಂದ ತೆಗೆದು ಹೊರಗೆ ಹಿಮದಲ್ಲಿ ಎಸೆದೆ. ಅಷ್ಟು ಸಾಲದೆ ಹೋಗಿ ತುಳಿದೆ. ಎದುರು ಮನೆಯವರು ಪರದೆ ಸರಿಸಿ ನೋಡಿದರು. ಇಪ್ಪತ್ತೆರಡು ವರ್ಷ ಊರಿಗೆಲ್ಲ ಹೇಳಿಕೊಂಡು ಓಡಾಡಿದ್ದೇನೆ! ನನ್ನ ಪಕ್ಕದಲ್ಲೇ ಕೂತು, ನಾನು ಹೇಳುವಾಗೆಲ್ಲ ಕಾಫಿ ಕುಡಿದಿದ್ದೀಯ ನೀನು.

ಹೋಗುವುದೇ ಬೇಡ ಅಂದುಕೊಂಡೆ. ಯಾವುದಕ್ಕೆ ಹೋಗಲಿ? ನಾನು ನಿಲ್ಲದವಳು ಅಂದುಕೊಂಡಿದ್ದೆ, ಗೊತ್ತಾದದ್ದು ಏನು ಅಂದರೆ, ಒಂದು ಮಾತಿಗೆ ಕುಸಿದು ಕೂತವಳು. ಬುಧವಾರ ಸಂಜೆ ಹಿಸ್ಕೆ ಬಂದಳು, ಸ್ಕೇಟು ಸಾಣೆ ಹಿಡಿಸಿಕೊಂಡು. ನಾನು ಪತ್ರ ಅವಳ ಕೈಗೆ ಕೊಟ್ಟೆ. ಓದಿದಳು. "ನಮ್ಮಣ್ಣ ಕತ್ತೆ" ಅಂದಳು. ಆಮೇಲೆ, "ಕೋಟು ಒಳಗೆ ತಗೋ, ಅದೇನ್ ಮಾಡಿತ್ತು. ಬೆಳಿಗ್ಗೆ ನಾಲ್ಕಕ್ಕೆ ಬಸ್ಸು" ಅಂದಳು. ಅಷ್ಟೇ. ಹೋದೆ.

ಹೊರಟಾಗ ಕತ್ತಲು. ಲಾಂದ್ರದ ಬೆಳಕಿನಲ್ಲಿ ಸಾವಿರಾರು ಬಾಗಿದ ಬೆನ್ನು, ಯಾರೂ ಮಾತಾಡುತ್ತಿಲ್ಲ, ಉಕ್ಕು ಗಡ್ಡೆಯನ್ನು ಕೊಯ್ಯುವ ಸದ್ದೊಂದೇ. ಒಂದು ದೊಡ್ಡ ಹೊಲವನ್ನು ಎಲ್ಲರೂ ಸೇರಿ ಕುಡುಗೋಲಿನಲ್ಲಿ ಕೊಯ್ಯುತ್ತಿದ್ದ ಹಾಗೆ. ನಾನು ಒಬ್ಬಳೇ ಈ ಹುಚ್ಚಿನಲ್ಲಿ ಇಪ್ಪತ್ತೆರಡು ವರ್ಷ ಹಲಗೆಯ ಮೇಲೆ ಜಾರಿದೆ ಅಂದುಕೊಂಡಿದ್ದೆ. ಇವರೆಲ್ಲ ಎಲ್ಲಿದ್ದರು? ಇವರ ಮನೆಗಳಲ್ಲೂ ಹಲಗೆ ಇತ್ತು! ಪಕ್ಕದಲ್ಲಿ ಹೋಗುತ್ತಿದ್ದ ಮುದುಕ ಒಬ್ಬ, ಎಪ್ಪತ್ತರ ಮೇಲೆ, "ಮೂರನೇ ಸಲ" ಅಂದ, ನಾನು ಕೇಳದೆಯೇ. "ಎರಡು ಸಲ ಆಗಿಲ್ಲ."

ಸ್ಲೋಟನ್‌ನಲ್ಲಿ ಬೆಳಕಾಗಿತ್ತು. ಸ್ಟಾವೊರೆನ್‌ನಲ್ಲಿ ಸಮುದ್ರದ ಗಾಳಿ ಎದೆಗೆ ಕೈ ಇಟ್ಟು ತಳ್ಳಿತು. ಗಡ್ಡೆ ಸಾಲದ ಕಡೆ ನೆಲದ ಮೇಲೆ ನಡೆಯಬೇಕಲ್ಲ, ಸ್ಕೇಟಿನ ಅಲಗು ಹಾಳಾಗದಿರಲಿ ಅಂತ ಜನ ಮನೆಯೊಳಗಿನ ಜಮಖಾನ ತಂದು ಹಾಸಿದ್ದರು ಗೊಸ್ಸೆ. ಹೂವಿನ ಜಮಖಾನ, ಅಜ್ಜಿಯ ಕಾಲದ ಕೆಂಪು ಜಮಖಾನ, ಒಂದರ ಮೇಲೆ ಇನ್ನೂ ಕುರ್ಚಿಯ ಕಾಲಿನ ಗುರುತಿತ್ತು. ಅದರ ಮೇಲೆ ನಾವು ಸಾವಿರಾರು ಜನ ಉಕ್ಕಿನ ಕಾಲಲ್ಲಿ ನಡೆದೆವು. ಹಿಂಡೆಲೋಪನ್‌ನಲ್ಲಿ ಒಬ್ಬ ಹೆಂಗಸು ಬಿಸಿ ಸಾರಿನ ಬಟ್ಟಲು ಬಾಯಿಗೇ ಹಿಡಿದಳು, ಕೈಗೆ ಕೊಡಲಿಲ್ಲ, "ಕೈಗವಸು ಬಿಚ್ಬೇಡ ಮಗಳೇ, ಕುಡಿ" ಅಂದಳು. ನನಗಿಂತ ಚಿಕ್ಕವಳು, ಮಗಳೇ ಅಂದಳು.

ಮಧ್ಯಾಹ್ನದ ಮೇಲೆ ಗಡ್ಡೆಯ ಮೇಲೆ ನೀರು ನಿಂತಿತು. ಆಕಾಶ ಅದರಲ್ಲಿ ಪೂರ್ತಿ ಬಿದ್ದಿತ್ತು. ಕೆಳಗೂ ಮೋಡ, ಮೇಲೂ ಮೋಡ, ನಡುವೆ ನಾವು. ಮಂಡಿವರೆಗೆ ಒದ್ದೆ, ಆದರೂ ಹೆಜ್ಜೆ ಇಡಲು ಮನಸ್ಸು ಹಿಂಜರಿಯಿತು, ಅಷ್ಟು ಚೆಂದ. ಹಾರ್ಲಿಂಗನ್ ಹತ್ತಿರ ಹಿಸ್ಕೆಯ ಸ್ಕೇಟು ಬಿರುಕಿಗೆ ಸಿಕ್ಕಿತು. ಬಿದ್ದಳು, ಎಡಗೈ ಊರಿ. ಎದ್ದು ಬಂದಳು, ಆದರೆ ಮಾತು ನಿಂತಿತು. ಫ್ರಾನೆಕರ್ ಬರುವ ಹೊತ್ತಿಗೆ ಮಣಿಕಟ್ಟು ಊದಿ ಕೈಗವಸು ಬಿಗಿದಿತ್ತು, ತುಟಿ ನೀಲಿ.

ಅದೇ ತಿರುವು. ಮುದ್ರೆಯ ಮೇಜು ಅದೇ ದಡದಲ್ಲಿ. ಹಿಸ್ಕೆ ನನ್ನ ತೋಳು ಹಿಡಿದು ಕೇಳಿದಳು:

"ಅತ್ತಿಗೆ, ನಿಜ ಹೇಳು. ಮುಂದೆ ದಾರಿ ಇದೆಯಾ? ಮುಚ್ಚಿದ್ದಾರಾ?"

ಮುಚ್ಚಿರಲಿಲ್ಲ. ಆಗತಾನೇ ಕೇಳಿಕೊಂಡು ಬಂದಿದ್ದೆ. ಅವಳ ಮುಖ ನೋಡಿದೆ. ನಾನು ಏನು ಹೇಳಲಿ ಅಂತ ಅವಳು ಕಾಯುತ್ತಿದ್ದಾಳೆ ಅನ್ನುವುದು ಆ ಮುಖದಲ್ಲೇ ಬರೆದಿತ್ತು. ಮುಚ್ಚಿದ್ದಾರೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು ಗೊಸ್ಸೆ. ಎಷ್ಟು ಸುಲಭವಾಗಿ ಬಂತು! ಎಷ್ಟು ಬೆಚ್ಚಗಿತ್ತು! ನಿನ್ನನ್ನು ಆ ಕ್ಷಣ ನೋಡಿದೆ, ಮಫ್ಲರು ಸುತ್ತಿಕೊಂಡು ನಿಂತ ಇಪ್ಪತ್ತೊಂಬತ್ತರ ಹುಡುಗನನ್ನು.

ಆದರೆ ಹೇಳಲಿಲ್ಲ. "ದಾರಿ ಇದೆ" ಅಂದೆ. "ಎಪ್ಪತ್ತು ಕಿಲೋಮೀಟರು. ಉದ್ದಕ್ಕೂ ನೀರಿದೆ. ಇನ್ನೊಂದು ಗಂಟೆಗೆ ಕತ್ತಲಾಗುತ್ತೆ. ನಿನ್ನ ಕೈ ಮುರಿದಿರಬಹುದು."

ಅವಳು ಮುಂದಿನ ಕಾಲುವೆಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ದಡದಲ್ಲಿ ಕೂತು ಒಂದೇ ಕೈಯಲ್ಲಿ ಲೇಸು ಬಿಚ್ಚತೊಡಗಿದಳು. "ಹಾಗಾದ್ರೆ ನಾನು ಇಳೀತೀನಿ. ಸೋಮವಾರ ಕಾರ್ಖಾನೆಗೆ ಈ ಕೈ ಬೇಕು, ಮಕ್ಕಳ ತಲೆ ಬಾಚೋಕೆ ಬೇಕು." ತಲೆ ಎತ್ತಿ ನಕ್ಕಳು. "ನೂರಾ ಮೂವತ್ತು ಮಾಡಿದೆ ಅಲ್ವಾ? ಕಡಿಮೆ ಏನಲ್ಲ. ನೀನ್ಯಾಕೆ ಕಂಬದ ಥರ ನಿಂತಿದ್ದೀಯ? ಹೋಗು!"

ಅವಳ ಮುಖದಲ್ಲಿ ಸೋಲಿರಲಿಲ್ಲ. ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ಅವಳು ತಾನೇ ನಿಲ್ಲಿಸಿದ್ದಳು, ಗೊತ್ತಿದ್ದು. ಅದು ಅವಳದ್ದೇ ಆಗಿತ್ತು.

ಅಲ್ಲಿಂದ ಒಬ್ಬಳೇ. ದೊಕ್ಕುಮ್‌ಗೆ ಹೋಗುವ ಕಾಲುವೆಯಲ್ಲೇ ಮರಳಿ ಬರಬೇಕಲ್ಲ, ಕತ್ತಲಲ್ಲಿ ಹೋಗುವವರು ಒಂದು ಕಡೆ, ಬರುವವರು ಒಂದು ಕಡೆ. ಬರುವವರು ಹೋಗುವವರಿಗೆ "ಹತ್ತಿರ ಬಂತು, ಹತ್ತಿರ ಬಂತು" ಅನ್ನುತ್ತಿದ್ದರು, ಎಲ್ಲರೂ, ಒಬ್ಬರನ್ನೂ ಬಿಡದೆ. ಮೂರು ಸಲ ಬಿದ್ದೆ. ಒಂದು ಸಲ ಯಾರೋ ಎತ್ತಿದರು, ಮುಖ ಕಾಣಲಿಲ್ಲ. ದಡದ ಉದ್ದಕ್ಕೂ ಜನ ಕಾರಿನ ದೀಪ ಗಡ್ಡೆಯ ಕಡೆಗೆ ತಿರುಗಿಸಿ ನಿಂತಿದ್ದರು, ನಾವು ನೋಡಿಕೊಂಡು ಹೋಗಲಿ ಅಂತ. ಎಷ್ಟೋ ಗಂಟೆಗಳಿಂದ ನಿಂತವರು. ಯಾರ ನೆಂಟರೂ ಅಲ್ಲ. ಮನುಷ್ಯರು ಎಂಥವರು ಅಂತ ನಾನು ನಲವತ್ತಾರು ವರ್ಷ ಸರಿಯಾಗಿ ನೋಡಿಯೇ ಇರಲಿಲ್ಲ ಅನ್ನಿಸಿತು.

ಹತ್ತು ಗಂಟೆಗೆ ಕಾಲು ಗಂಟೆ ಇರುವಾಗ ಮುಟ್ಟಿದೆ. ಅಳಲಿಲ್ಲ, ಕೂಗಲಿಲ್ಲ. ಚೀಟಿಗೆ ಕೊನೆಯ ಮುದ್ರೆ ಒತ್ತಿದವನು, "ಚೆನ್ನಾಗಿದ್ದೀರಾ ಅಮ್ಮಾ?" ಅಂದ. "ನಿಮ್ಮ ಮುಖ ಕಾಣ್ತಿದೆ" ಅಂದೆ. ಅವನಿಗೆ ಏನು ಅರ್ಥವಾಯಿತೋ.

ಈಗ ನಿನ್ನ ವಿಷಯ. ನೀನು ನನ್ನ ಜೀವ ಉಳಿಸಿರಬಹುದು. ಡಾಕ್ಟರು ಅವತ್ತು ಹಾಗೇ ಅಂದಿದ್ದರು, ಕಣ್ಣು ಇನ್ನೊಂದು ಗಂಟೆ ತಡೆಯುತ್ತಿರಲಿಲ್ಲ ಅಂತ. ಆದರೆ ನೀನು ಹೇಳಿ ನೋಡಬೇಕಿತ್ತು. "ನಾನೇ ಗೊಸ್ಸೆ, ನಿನಗೆ ನನ್ನ ಗುರುತು ಸಿಗುತ್ತಿಲ್ಲ" ಅಂತ ಹೇಳಬೇಕಿತ್ತು. ನಾನು ಹಿಸ್ಕೆಯ ಹಾಗೆ ಕೂತು ಲೇಸು ಬಿಚ್ಚುತ್ತಿದ್ದೆನೋ ಏನೋ. ಮುಂದೆ ಹೋಗಿ ಸಾಯುತ್ತಿದ್ದೆನೋ ಏನೋ. ಅದು ನಮಗಿಬ್ಬರಿಗೂ ಗೊತ್ತಾಗುವುದಿಲ್ಲ ಇನ್ನು. ಕ್ಷಮೆ ಕೇಳಬೇಡ. ಕೇಳಿದರೆ ನಾನು ಕೊಟ್ಟುಬಿಡುತ್ತೇನೆ, ಅಷ್ಟು ಬೇಗ ಕೊಡಲು ನನಗೆ ಇಷ್ಟವಿಲ್ಲ.

ಕೋಟು ಒಗೆದು ಒಣಹಾಕಿದ್ದೇನೆ. ಎರಡು ಕಾಲುಬೆರಳಿನ ಉಗುರು ಹೋಗಿವೆ. ಹಿಸ್ಕೆಯ ಮಣಿಕಟ್ಟು ಮುರಿದಿದೆ, ಬಾಯಿ ಸರಿಯಾಗಿದೆ.

ರೆನ್ಸ್ಕೆ


ಬಾನಿ ನದೀಮುಖ, 9 ಮಾರ್ಚ್ 1985

ರೆನ್ಸ್ಕೆ,

ನಿನ್ನ ಪತ್ರ ಮೊದಲು ನಿಂತುಕೊಂಡು ಓದಿದೆ, ಆಮೇಲೆ ಕೂತು, ಆಮೇಲೆ ಅಡಿಗೆಮನೆಯಲ್ಲಿ ಡಗೋಗೊಗೆ ಅವನ ಭಾಷೆಗೆ ಹಾಕಿ ಓದಿ ಹೇಳಿದೆ. ಒಂದು ಸಾಲೂ ಬಿಡಲಿಲ್ಲ, ನನ್ನ ಸುಳ್ಳನ್ನೂ ಬಿಡಲಿಲ್ಲ. ಜಮಖಾನದ ಮಾತು ಬಂದಾಗ, "ನಿಲ್ಲಿಸು ಚೀಫ್, ಇನ್ನೊಂದು ಸಲ ಓದು" ಅಂದ. ಓದಿದೆ. "ಕುರ್ಚಿಯ ಗುರುತು ಇತ್ತಾ?" ಅಂದ. ಇತ್ತು ಅಂದೆ. ಫ್ರಾನೆಕರ್ ಬಂದಾಗ ನನ್ನನ್ನು ನೋಡಲಿಲ್ಲ, ಮೇಜು ನೋಡಿದ. ಮುಗಿದ ಮೇಲೆ ನನ್ನ ತಟ್ಟೆಗೆ ಎರಡು ಸಲ ಬಡಿಸಿದ.

ಕ್ಷಮೆ ಕೇಳುವುದಿಲ್ಲ. ನೀನು ಎಷ್ಟು ದಿನ ಬೇಕಾದರೂ ಇಟ್ಟುಕೋ.

ನಿನ್ನ ಹಾಗೆ ನಾನೂ ಒಂದು ಸಂಕಲ್ಪ ಮಾಡಿದ್ದೇನೆ, ಹೊಸ ವರ್ಷಕ್ಕೆ ಎರಡು ತಿಂಗಳು ತಡವಾಗಿ. ಮುಂದಿನ ಕರಾರಿಗೆ ಸಹಿ ಹಾಕುವುದಿಲ್ಲ ಅಂತ ಕಂಪನಿಗೆ ಬರೆದು ಕೊಟ್ಟೆ. ಏಪ್ರಿಲ್ ಮೊದಲ ವಾರ ಮನೆಗೆ ಬರುತ್ತೇನೆ. ಇನ್ನು ಚಳಿಗಾಲ ಅಲ್ಲೇ, ಕಿಟಕಿಯ ಪಕ್ಕ, ನೀನು ನೀರು ನೋಡುವಾಗ ನಾನೂ ನೋಡುತ್ತೇನೆ. ಐವತ್ತೊಂದು ನನಗೆ, ಇನ್ನೂರು ಕಿಲೋಮೀಟರು ಈ ಜನ್ಮಕ್ಕೆ ಆಗದ ಮಾತು. ಆದರೆ ಗಡ್ಡೆ ಮತ್ತೆ ಕಟ್ಟಿದರೆ, ಬರುವ ವರ್ಷವೋ ಇನ್ನು ಇಪ್ಪತ್ತೆರಡು ವರ್ಷಕ್ಕೋ, ಫ್ರಾನೆಕರ್‌ನ ಮುದ್ರೆಯ ಮೇಜಿಗೆ ಜನ ಬೇಕಾಗುತ್ತಾರೆ. ನನ್ನ ಹೆಸರು ಕೊಡುತ್ತೇನೆ, ತೆಗೆದುಕೊಂಡರೆ. ಯಾರು ಬಂದು ಕೇಳಿದರೂ ನನ್ನ ದನಿಯಲ್ಲೇ ಹೇಳುತ್ತೇನೆ, ಇಷ್ಟು ದೂರ ಇದೆ, ಗಡ್ಡೆ ಇಷ್ಟು ದಪ್ಪ, ಬೆಳಕು ಇನ್ನಿಷ್ಟು ಹೊತ್ತು, ನಿಮ್ಮ ಕಣ್ಣು ಹೀಗೆ ಕಾಣುತ್ತಿದೆ ಅಂತ.

ಹೇಳಿ, ಮುದ್ರೆ ಒತ್ತಿ, ಪಕ್ಕಕ್ಕೆ ಸರಿಯುತ್ತೇನೆ.

ಗೊಸ್ಸೆ